ನಾನು ಮುಚ್ಚಿದ ತೂತು

ನನ್ನ ಕೈಯಲ್ಲಿ ಚಿತ್ರ ಚೆಂದ ಬರುತ್ತದೆ ಎಂದು ಹೊಸಪೇಟೆಯಲ್ಲಿ ಒಂದು ಕಾಲಕ್ಕೆ ಹೆಸರಿತ್ತು. ಬಣ್ಣ, ಕುಂಚದ ಚಿತ್ರವಲ್ಲ, ತಲೆಬುರುಡೆಯ ಚಿತ್ರ. ಒಂದು ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಬಿಡುವಿಲ್ಲದೆ ಇಳಿಯುತ್ತಿದ್ದ ವರ್ಷಗಳವು. ಊರಿಗೆ ದುಡ್ಡು ಬಂದಿತ್ತು, ದುಡ್ಡಿನ ಹಿಂದೆಯೇ ಯಂತ್ರಗಳು ಬಂದಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಮೊದಲ ಕೆಲಸ ಎಸಿಯ ಜಾಲರಿ ಬಿಚ್ಚಿ ಕೆಂಪು ಧೂಳು ಕೊಡವುವುದು. ರೋಗಿಗಳ ತಲೆಯ ಕೆಳಗೆ ಹಾಸಿದ ಬಿಳಿ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು.

ನಮ್ಮ ಮನೆ ತುಂಗಭದ್ರೆಯ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿತ್ತು. ಅಪ್ಪ ಕಾಲುವೆ ಕಚೇರಿಯಲ್ಲಿ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವ ನೌಕರ. ಬಳ್ಳಾರಿಯಲ್ಲಿ ಎಕ್ಸ್‌ರೇ ಡಿಪ್ಲೊಮಾ ಮುಗಿಸಿ ನಾನು ಕೆಲಸ ಹುಡುಕಿ ಅಲೆಯುತ್ತಿದ್ದಾಗ ಎರಡು ಕಡೆ ಸರ್ಟಿಫಿಕೇಟ್ ನೋಡುವ ಮೊದಲೇ "ನೀವು ಯಾವ ಮಂದಿ?" ಎಂದು ಕೇಳಿದ್ದರು. ನಾವು ಬೌದ್ಧರು ಎಂದರೆ, "ಅದಕ್ಕೂ ಮೊದ್ಲು?" ಎನ್ನುತ್ತಿದ್ದರು. ಈ ಸೆಂಟರಿನ ಡಾಕ್ಟರು ಅದನ್ನು ಕೇಳಲಿಲ್ಲ. "ಸಣ್ಣ ಕೂಸಿನ ಎದಿ ಎಕ್ಸ್‌ರೇ ತೆಗಿವಾಗ ಉಸಿರು ಹೆಂಗ ಹಿಡಸ್ತಿ?" ಎಂದು ಕೇಳಿದರು. "ಹಿಡಸಾಕ ಬರಲ್ರಿ ಸಾರ್, ಅದು ಅಳೂದು ನಿಲ್ಸೂ ಗಳಿಗಿ ಕಾಯ್ಬೇಕು" ಎಂದೆ. ಅವರು ನಕ್ಕು, ನಾಳೆಯಿಂದ ಬಾ ಎಂದರು. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಅವರ ಬಗ್ಗೆ ನಾನು ಬರೆಯುವುದೆಲ್ಲ ಕಹಿಯೇ. ಆದರೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದವರು ಅವರು.

ಕೆಲಸಕ್ಕೆ ಸೇರಿ ಎರಡನೆಯ ವರ್ಷಕ್ಕೆ ಹೊಸ ಸಿ.ಟಿ. ಯಂತ್ರ ಬಂತು, ಅದರ ಜೊತೆಗೆ ಒಂದು ಪ್ರತ್ಯೇಕ ಕಂಪ್ಯೂಟರ್. ಯಂತ್ರ ತಲೆಯನ್ನು ಸವತೆಕಾಯಿಯ ಬಿಲ್ಲೆಗಳಂತೆ ಅಡ್ಡಡ್ಡ ಕೊಯ್ದು ನೂರಾರು ಚಿತ್ರ ಕೊಡುತ್ತದೆ. ಆ ಹೋಳುಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿ, ಇಡೀ ಬುರುಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದಂತೆ ತೋರಿಸುವುದು ಕಂಪ್ಯೂಟರಿನ ಕೆಲಸ. ಕಲಿಸಲು ಕಂಪನಿಯ ಇಂಜಿನಿಯರ್ ಒಬ್ಬರು ಎರಡು ದಿನ ಬಂದಿದ್ದರು.

"ಕಂಪ್ಯೂಟರಿಗೆ ಮೂಳೆ ಗೊತ್ತಿಲ್ಲಮ್ಮ, ಚರ್ಮ ಗೊತ್ತಿಲ್ಲ," ಎಂದರು ಅವರು. "ಗೊತ್ತಿರೋದು ಬರೀ ನಂಬರ್. ಪ್ರತಿ ಚುಕ್ಕೆಗೂ ಒಂದು ನಂಬರ್. ಗಾಳಿಗೆ ಸೊನ್ನೆಗಿಂತ ತೀರಾ ಕೆಳಗೆ, ನೀರಿಗೆ ಸೊನ್ನೆ, ಮೂಳೆಗೆ ಜಾಸ್ತಿ. ನೀವು ಒಂದು ನಂಬರ್ ಹೇಳಿ. ಆ ನಂಬರ್ ಎಲ್ಲೆಲ್ಲಿ ದಾಟುತ್ತೋ ಅಲ್ಲೆಲ್ಲ ಅದು ಒಂದು ಪದರ ಹೊದಿಸುತ್ತೆ. ಆ ಪದರವೇ ನಿಮಗೆ ಕಾಣೋ ಮೇಲ್ಮೈ."

ನನಗೆ ಅದು ತಕ್ಷಣ ತಿಳಿಯಿತು, ಅಪ್ಪನ ದೆಸೆಯಿಂದ. ಡ್ಯಾಮಿನಲ್ಲಿ ನೀರು ಒಂದು ಮಟ್ಟಕ್ಕೆ ನಿಂತರೆ ದಂಡೆಗೆ ಒಂದು ಆಕಾರ. ಬೇಸಿಗೆಯಲ್ಲಿ ಹತ್ತಡಿ ಇಳಿದರೆ ಬೇರೆಯೇ ದಂಡೆ. ಮುಳುಗಿದ ದಿಬ್ಬದ ನೆತ್ತಿ, ಹಳೆಯ ಗೋಡೆಗಳು ಮೇಲೆ ಬರುತ್ತವೆ. ನೆಲ ಬದಲಾಗಿರುವುದಿಲ್ಲ, ಮಟ್ಟ ಬದಲಾಗಿರುತ್ತದೆ. ಇದನ್ನು ಹೇಳಿದಾಗ ಇಂಜಿನಿಯರು, "ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ" ಎಂದರು. ನಾನು ಒಂದು ವಾರ ಆ ಹೊಗಳಿಕೆಯಲ್ಲೇ ತೇಲಾಡಿದೆ. ಹೊರಡುವ ಮುಂಚೆ ಅವರು ಇನ್ನೊಂದು ಮಾತನ್ನೂ ಹೇಳಿದ್ದರು: "ಈ ಚಿತ್ರ ನೋಡಿ ರಿಪೋರ್ಟ್ ಬರೀಬಾರದು. ಹೋಳುಗಳನ್ನೇ ನೋಡಬೇಕು, ಅಡ್ಡಾನೂ ನೋಡಬೇಕು, ಉದ್ದಾನೂ ನೋಡಬೇಕು." ನಾನೂ ಕೇಳಿಸಿಕೊಂಡೆ, ಡಾಕ್ಟರೂ ಕೇಳಿಸಿಕೊಂಡರು.

ಮೊದಮೊದಲು ಈ ಚಿತ್ರಗಳಿಂದ ಗಲಾಟೆಯೇ ಆಯಿತು. ಕಣ್ಣುಗುಡ್ಡೆ ಕೂತಿರುವ ಗೂಡಿನ ತಳದ ಎಲುಬು ಈರುಳ್ಳಿ ಸಿಪ್ಪೆಯಷ್ಟು ತೆಳು. ಅಷ್ಟು ತೆಳುವಾದದ್ದು ಯಂತ್ರದ ಕಣ್ಣಿಗೆ ಅಕ್ಕಪಕ್ಕದ ಮಾಂಸ, ಗಾಳಿಯ ಜೊತೆ ಬೆರೆತುಹೋಗಿ ಅದರ ನಂಬರ್ ಇಳಿದುಬಿಡುತ್ತದೆ. ಎಲುಬಿನ ನಂಬರ್ ಹಾಕಿದರೆ ಅಲ್ಲಿ ಪದರ ಬೀಳುವುದೇ ಇಲ್ಲ. ಗಟ್ಟಿಮುಟ್ಟಾದ ತಲೆಯಲ್ಲೂ ಕಣ್ಣಿನ ತಳದಲ್ಲಿ ತೂತು ಕಾಣುತ್ತದೆ. ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರೊಬ್ಬರು ಸ್ಕೂಟರಿನಿಂದ ಬಿದ್ದು ಬಂದಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಆದರೆ ಪ್ರಿಂಟ್ ನೋಡಿ ಅವರ ಹೆಂಡತಿ ಬೆಂಚಿನ ಮೇಲೆ ಕುಸಿದು ಕೂತರು.

"ಅಯ್ಯೋ, ಎಲುವಿನ್ಯಾಗ ತೂತು ಬಿದ್ದಾವಲ್ರೀ! ಏನೂ ಆಗಿಲ್ಲ ಅಂತೀರಿ!"

ಡಾಕ್ಟರು ಅರ್ಧ ಗಂಟೆ ಸಮಾಧಾನ ಹೇಳಬೇಕಾಯಿತು. ಗಂಡ ಹೆಂಡತಿ ಹೋದ ಮೇಲೆ ಅವರು ನನ್ನ ಕಡೆ ತಿರುಗಿದರು. "ಮಂದಿಗೆ ಇಲ್ಲದ ತೂತು ಯಾಕ ತೋರಸ್ತಿ? ಮುಚ್ಚಾಕ ಬರೂದಿಲ್ಲೇನು?"

ಬರುತ್ತಿತ್ತು. ನಂಬರನ್ನು ಕೆಳಗಿಳಿಸಿದರೆ ಪದರ ತೆಳು ಎಲುಬಿನ ಮೇಲೂ ಹಬ್ಬುತ್ತದೆ. ಜೊತೆಗೆ ಅಂಟಿಕೊಂಡು ಬರುವ ಮಾಂಸದ ಚೂರುಗಳನ್ನು ಮೌಸಿನಿಂದ ಒಂದೊಂದಾಗಿ ಕತ್ತರಿಸಿ ತೆಗೆಯಬೇಕು. ಕೊನೆಗೆ ನುಣುಪು ಮಾಡುವ ಬಟನ್ ಒತ್ತಿದರೆ ಉಳಿದ ಸಣ್ಣಪುಟ್ಟ ಕಂಡಿಗಳೂ ಕೂಡಿಕೊಳ್ಳುತ್ತವೆ. ತಾಳ್ಮೆಯ ಕೆಲಸ. ನನಗೆ ತಾಳ್ಮೆ ಇತ್ತು. ಕೆಲವೇ ತಿಂಗಳಲ್ಲಿ ನನ್ನ ಬುರುಡೆಗಳು ಅಮೃತಶಿಲೆಯಲ್ಲಿ ಕೆತ್ತಿದಂತೆ ಬರತೊಡಗಿದವು. ಡಾಕ್ಟರು ಅವನ್ನು ಹೊಳೆಯುವ ಕಾಗದದ ಮೇಲೆ ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಸೆಂಟರಿನ ಹೆಸರಿದ್ದ ದೊಡ್ಡ ಕವರಿನಲ್ಲಿ ಹಾಕಿಕೊಡುತ್ತಿದ್ದರು. ಗಣಿ ನಡೆಸುವ ಒಬ್ಬ ತರುಣ, ತಲೆನೋವೆಂದು ಬಂದವನು, ತನ್ನದೇ ಬುರುಡೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿದ್ದನಂತೆ. ನಾವೆಲ್ಲ ನಕ್ಕೆವು. ನನಗೆ ಒಳಗೊಳಗೇ ಹಿಗ್ಗು.

ಆ ಬೇಸಿಗೆಯಲ್ಲಿ ಅವಳು ಬಂದಳು. ಬಂಡ್ರಿಯವಳು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುವ ಕೆಲಸ. ಟಿಪ್ಪರಿನಿಂದ ಉರುಳಿದ ಮುಷ್ಟಿಯಷ್ಟು ಕಲ್ಲು ಎಡಗಣ್ಣಿಗೆ ಬಡಿದಿತ್ತು. ಕಣ್ಣು ಬದನೆಕಾಯಿಯಂತೆ ಬಾತು ಮುಚ್ಚಿಕೊಂಡಿತ್ತು. ಗಣಿಯ ಸೂಪರ್‌ವೈಸರ್ ಜೀಪಿನಲ್ಲಿ ಕರೆತಂದಿದ್ದ. ಜೊತೆಗೆ ಅವಳ ಮನೆಯವರು ಯಾರೂ ಇರಲಿಲ್ಲ. ಹಾಸಿಗೆಯ ಮೇಲೆ ಮಲಗಿಸುವಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ರೆಪ್ಪಿ ಎತ್ತಿ ನೋಡಿದ್ರ ಎಲ್ಲಾ ಎರಡೆರಡು ಕಾಣ್ತಾವ್ರಿ. ಈ ಗಲ್ಲ ಮುಟ್ಟಿದ್ರ ಗೊತ್ತಾಗವಲ್ದು."

ಸೂಪರ್‌ವೈಸರ್ ಬಾಗಿಲಿನಿಂದಲೇ ಹೇಳಿದ: "ಬಾತೈತಲ್ಲ, ಅದಕ್ಕ ಹಂಗ ಕಾಣ್ತೈತಿ. ಸುಮ್ನ ಮಕ್ಕೊ."

ನಾನೂ ಅದನ್ನೇ ಹೇಳಿದೆ, ಸ್ವಲ್ಪ ಮೆತ್ತಗೆ. "ಬಾವು ಇಳಿದ್ರ ಹೋಗ್ತೈತಕ್ಕ. ಅಲುಗಾಡಬ್ಯಾಡ್ರಿ."

ಅವತ್ತು ಹೊರಗೆ ಬೆಂಚುಗಳು ತುಂಬಿದ್ದವು. ಮರಿಯಮ್ಮನಹಳ್ಳಿಯ ಹತ್ತಿರ ಲಾರಿಗೆ ಟೆಂಪೊ ಗುದ್ದಿ ಏಳೆಂಟು ಜನ ಒಟ್ಟಿಗೆ ಬಂದಿದ್ದರು. ಅವಳ ಹೋಳುಗಳನ್ನು ಡಾಕ್ಟರು ನಿಂತುಕೊಂಡೇ ನೋಡಿದರು. ಅಡ್ಡ ಹೋಳುಗಳನ್ನು ಮಾತ್ರ. ಕಣ್ಣಿನ ತಳ ಅಡ್ಡಲಾಗಿಯೇ ಮಲಗಿರುವ ಪದರ. ಕತ್ತಿ ಹೋಗುವ ದಿಕ್ಕಿನಲ್ಲೇ ಮಲಗಿದ್ದು ಕತ್ತಿಗೆ ಸಿಗುವುದಿಲ್ಲ. ಅದು ಸಿಗಬೇಕಾದರೆ ಹಣೆಯಿಂದ ಗದ್ದಕ್ಕೆ ಉದ್ದಕ್ಕೆ ಕೊಯ್ದ ಹೋಳು ಬೇಕು. ಅದನ್ನು ಕಂಪ್ಯೂಟರಿನಲ್ಲೇ ಮಾಡಬಹುದಿತ್ತು, ಐದು ನಿಮಿಷದ ಕೆಲಸ. ಅವರು ಕೇಳಲಿಲ್ಲ, ನಾನು ಮಾಡಲಿಲ್ಲ. "ಎರಡೆರಡು ಕಾಣ್ತಾವಂತ್ರಿ ಸಾರ್" ಎಂದೆ. "ತ್ರೀಡಿ ತೋರ್ಸು" ಎಂದರು.

ನಾನು ಎಂದಿನಂತೆ ನಂಬರ್ ಇಳಿಸಿದ್ದೆ, ಎಂದಿನಂತೆ ನುಣುಪು ಮಾಡಿದ್ದೆ. ಇಪ್ಪತ್ತು ನಿಮಿಷ ಕೂತು ಮಾಂಸದ ಚೂರುಗಳನ್ನೆಲ್ಲ ತೆಗೆದಿದ್ದೆ. ಬುರುಡೆ ಪರದೆಯ ಮೇಲೆ ನಿಧಾನ ತಿರುಗಿತು. ಎತ್ತರದ ಕೆನ್ನೆಮೂಳೆ, ಒಪ್ಪವಾದ ಹಣೆ, ಎರಡೂ ಕಣ್ಣಿನ ಗೂಡು ಒಂದೇ ಸಮ. ಅಷ್ಟು ಚೆಂದದ ಬುರುಡೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ.

"ಮಸ್ತ್ ಬಂದೈತಿ," ಎಂದರು ಡಾಕ್ಟರು. ಎಲುಬು ಮುರಿದಿಲ್ಲ ಎಂದು ರಿಪೋರ್ಟ್ ಬರೆದರು. ಚಿತ್ರವನ್ನು ಅವಳ ಕೈಗೂ ಕೊಟ್ಟು ತೋರಿಸಿದೆ. ಅವಳು ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿ, "ಇದು ನಾನಾ?" ಎಂದಳು. ಸೂಪರ್‌ವೈಸರ್ ಕವರ್ ತೆಗೆದುಕೊಂಡು ಹೋದ. ಆ ಚಿತ್ರದ ಮೇಲಿನ ಮೋಹಕ್ಕೆ ನಾನು ಅವಳ ಸ್ಕ್ಯಾನಿನ ಹೋಳುಗಳನ್ನೆಲ್ಲ ಒಂದು ಸಿ.ಡಿ.ಗೆ ಹಾಕಿ ನನ್ನ ಡ್ರಾಯರಿನಲ್ಲಿಟ್ಟುಕೊಂಡೆ. ಕಂಪನಿಯವರು ಮತ್ತೆ ಬಂದರೆ ತೋರಿಸಬೇಕು ಎಂದು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮತ್ತೆ ಬಂದಳು, ಈ ಸಲ ಬಸ್ಸಿನಲ್ಲಿ, ನಾದಿನಿಯ ಜೊತೆ. ಮೊದಲು ನನಗೆ ಗುರುತು ಸಿಗಲಿಲ್ಲ. ಬಾವು ಪೂರ್ತಿ ಇಳಿದಿತ್ತು. ಆದರೆ ಎಡಗಣ್ಣು ಬಲಗಣ್ಣಿಗಿಂತ ಒಳಗೆ ಹೂತುಹೋದಂತಿತ್ತು. ಎಡಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ.

"ಬಾವು ಇಳಿದ್ರ ಹೋಗ್ತೈತಿ ಅಂದಿದ್ರಿ," ಎಂದಳು ಅವಳು. "ಬಾವು ಹೋತು, ಅದು ಹೋಗ್ಲಿಲ್ಲ."

ನಾದಿನಿ ಬಿಡಿಸಿ ಹೇಳಿದಳು. ಗಣಿಯಲ್ಲಿ ನಾಲ್ಕನೆಯ ದಿನವೇ ಕೆಲಸಕ್ಕೆ ಕರೆದಿದ್ದರು. ಕಣ್ಣು ಸರಿಯಿಲ್ಲ, ಬೇರೆ ಕೆಲಸ ಕೊಡಿ ಎಂದರೆ ಸೂಪರ್‌ವೈಸರ್ ನಾನು ಮಾಡಿದ ಚಿತ್ರ ತೋರಿಸುತ್ತಿದ್ದನಂತೆ. "ನೋಡು, ನಿನ್ನ ತಲಿ ನನ್ನ ತಲಿಗಿಂತ ಗಟ್ಟಿ ಐತಿ." ಎಡಗೈಯಲ್ಲಿ ಕಲ್ಲು ಹಿಡಿದು ಬಲಗೈಯಲ್ಲಿ ಸುತ್ತಿಗೆ ಎತ್ತಿದರೆ ಕೆಳಗೆ ಎರಡು ಕಲ್ಲು, ಎರಡು ಕೈ. ಯಾವುದು ನಿಜದ್ದು ಎಂದು ನೋಡಿ ನೋಡಿ ಹೊಡೆಯಬೇಕು. ಮಳೆಗಾಲದಲ್ಲಿ ಒಂದು ದಿನ ಸುತ್ತಿಗೆ ಕಲ್ಲು ತಪ್ಪಿ ಬೆರಳಿನ ಮೇಲೆ ಬಿತ್ತು.

ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಡ್ರಾಯರಿನಿಂದ ಸಿ.ಡಿ. ತೆಗೆದೆ. ಹೋಳುಗಳನ್ನು ಉದ್ದಕ್ಕೆ ಕೊಯ್ಯಲು ಕಂಪ್ಯೂಟರಿಗೆ ಹೇಳಿದೆ. ಹಣೆಯಿಂದ ಹಿಂದಕ್ಕೆ ಒಂದೊಂದೇ ಹೋಳು ಸರಿಸುತ್ತ ಹೋದೆ. ಏಳೋ ಎಂಟೋ ಹೋಳಿಗೆ ಅದು ಬಂತು. ಎಡಗಣ್ಣಿನ ತಳ ಮುರಿದು ಬಾಗಿಲಿನಂತೆ ಕೆಳಕ್ಕೆ ತೆರೆದುಕೊಂಡಿತ್ತು. ಕಣ್ಣಿನ ಸುತ್ತಲಿನ ಕೊಬ್ಬು, ಜೊತೆಗೆ ಕಣ್ಣು ತಿರುಗಿಸುವ ಸ್ನಾಯು, ಆ ಸಂದಿಯಲ್ಲಿ ಸಿಕ್ಕಿ ಹನಿಯಂತೆ ಕೆಳಗೆ ಜೋತುಬಿದ್ದಿದ್ದವು. ವಿದ್ಯಾರ್ಥಿಗಳೂ ಗುರುತಿಸುವಷ್ಟು ಸ್ಪಷ್ಟ. ನಂಬರನ್ನು ಮತ್ತೆ ಎಲುಬಿನ ಮಟ್ಟಕ್ಕೆ ಏರಿಸಿ, ನುಣುಪು ತೆಗೆದು, ಬುರುಡೆಯನ್ನು ಹೊಸದಾಗಿ ಹೊದಿಸಿ ನೋಡಿದೆ. ಬಲಗಣ್ಣಿನಲ್ಲಿ ಆ ಸುಳ್ಳು ತೂತುಗಳು, ಎರಡು ಸಾಸಿವೆಯಷ್ಟು. ಎಡಗಣ್ಣಿನಲ್ಲಿ ನಾಲ್ಕಾಣೆಯಷ್ಟು ಅಗಲದ, ಅಂಚು ಚೂರುಚೂರಾದ ನಿಜವಾದ ತೂತು. ಸುಳ್ಳು ತೂತು ಮುಚ್ಚಲು ಕಲಿತ ಕೈಯಿಂದಲೇ ಅದನ್ನೂ ಮುಚ್ಚಿದ್ದೆ.

ಡಾಕ್ಟರನ್ನು ಕರೆದೆ. ಅವರು ನಿಂತು ನೋಡಿದರು, ಆಮೇಲೆ ಕೂತು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಆ ಬಾವಿನ್ಯಾಗ ಇದು ಗೊತ್ತಾಗೂದು ಕಷ್ಟ ಇತ್ತು," ಎಂದರು ಕೊನೆಗೆ.

"ಹೋಳಿನ್ಯಾಗ ಇತ್ತಲ್ರಿ ಸಾರ್."

ಅವರು ಎದ್ದು ಬಾಗಿಲು ಮುಚ್ಚಿದರು. "ಒಂದು ಕೆಲಸ ಮಾಡು. ಇವತ್ತು ಹೊಸದಾಗಿ ಸ್ಕ್ಯಾನ್ ಮಾಡು, ಆಕಿ ರೊಕ್ಕ ಏನೂ ಕೊಡೂದು ಬ್ಯಾಡ. ಹೊಸ ರಿಪೋರ್ಟ್ ಕೊಡ್ತೀನಿ, ಮುರಿದೈತಿ ಅಂತ ಬರೀತೀನಿ. ಬಳ್ಳಾರಿ ದೊಡ್ಡಾಸ್ಪತ್ರಿಗೆ ಚೀಟಿ ಕೊಡ್ತೀನಿ. ಹಳೇದ್ರ ಮಾತು ಎತ್ತಬ್ಯಾಡ."

ಆಗ ನನಗೆ ಅದು ಸರಿಯೆನ್ನಿಸಿತು. ಇನ್ನೂ ನಿಜ ಹೇಳಬೇಕೆಂದರೆ, ಹಗುರವೆನ್ನಿಸಿತು. ಅವಳಿಗೆ ಚಿಕಿತ್ಸೆ ಸಿಕ್ಕರೆ ಸಾಕಲ್ಲ, ಯಾರ ತಪ್ಪು ಎಂದು ಕೆದಕಿ ಏನಾಗಬೇಕು ಎಂದುಕೊಂಡೆ. ಹೊಸ ಸ್ಕ್ಯಾನ್ ಮಾಡಿದೆ. ಅವಳಿಗೆ ಹೇಳಿದ್ದು ಇಷ್ಟೇ: "ಒಂದು ಕಡೆ ಮುರಿದೈತಕ್ಕ. ಬಳ್ಳಾರಿಯಾಗ ತೋರ್ಸೂನು, ನಾನೂ ಬರ್ತೀನಿ." ಅವಳು ನನಗೆ ಕೈ ಮುಗಿದಳು. ಆ ಕೈ ಮುಗಿದದ್ದನ್ನು ನಾನು ತಡೆಯಲಿಲ್ಲ.

ಮುಂದಿನ ವಾರ ರಜೆ ಹಾಕಿ ಅವಳ ಜೊತೆ ಬಳ್ಳಾರಿಗೆ ಹೋದೆ. ಅಲ್ಲಿನ ಕಣ್ಣಿನ ಡಾಕ್ಟರಮ್ಮ ವಯಸ್ಸಾದವರು, ಮಾತು ಒರಟು. ಬೆರಳು ತೋರಿಸಿ ಮೇಲೆ ನೋಡು, ಕೆಳಗೆ ನೋಡು ಎಂದು ಪರೀಕ್ಷೆ ಮಾಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಯಾವಾಗ ಪೆಟ್ಟಾಗಿದ್ದು?"

"ಬ್ಯಾಸಗಿಯಾಗ್ರಿ ಮೇಡಂ."

"ಎರಡು ವಾರದಾಗ ಬಂದಿದ್ರ ಆ ಸ್ನಾಯು ಬಿಡಿಸಿ ಕೂಡಸ್ತಿದ್ವಿ, ಕಣ್ಣು ಕಣ್ಣಾಗತಿತ್ತು. ಈಗ ಅದು ಅಲ್ಲೇ ಅಂಟಿ ಗಟ್ಟಿ ಆಗೈತಿ. ಮಾಡ್ತೀನಿ, ಆದ್ರ ಪೂರ್ತಿ ಆಗೂದಿಲ್ಲ. ಬ್ಯಾಸಗಿಯಾಗ ಸ್ಕ್ಯಾನ್ ಮಾಡಿಸ್ಲಿಲ್ಲೇನು?"

ನಾನು ನೆಲ ನೋಡುತ್ತ, "ಆಗಿತ್ರಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಚೀಟಿಯ ಮೇಲೆ ಆಪರೇಷನ್ನಿನ ದಿನ ಬರೆದು ಕೊಟ್ಟರು.

ಆಪರೇಷನ್ ಆಯಿತು. ನೇರಕ್ಕೆ ನೋಡಿದರೆ ಒಂದೇ ಕಾಣುವಷ್ಟು ಸುಧಾರಿಸಿತು. ಕೆಳಗೆ ನೋಡಿದರೆ ಮಾತ್ರ ಮೊದಲಿನಂತೆಯೇ ಎರಡು. ಮನುಷ್ಯರು ಮಾಡುವ ಕೆಲಸವೆಲ್ಲ ಕೆಳಗೆ ನೋಡಿಯೇ ಮಾಡುವಂಥದ್ದು ಎಂದು ನನಗೆ ಹೊಳೆದದ್ದು ಆಗ. ಕಲ್ಲು ಒಡೆಯುವುದು, ರೊಟ್ಟಿ ತಟ್ಟುವುದು, ಮೆಟ್ಟಿಲು ಇಳಿಯುವುದು.

ಇಷ್ಟಾದ ಮೇಲೆ ಅವಳ ಗಂಡ ಹೊಸ ರಿಪೋರ್ಟ್ ಹಿಡಿದು ಗಣಿಯ ಆಫೀಸಿಗೆ ಹೋಗಿದ್ದ. ಕೆಲಸದಲ್ಲಿ ಆದ ಪೆಟ್ಟು, ನೀವೇ ನೋಡಿಕೊಳ್ಳಬೇಕು ಎಂದು ಕೇಳಿದ್ದ. ಎರಡು ದಿನ ಬಿಟ್ಟು ಸೂಪರ್‌ವೈಸರ್ ನಮ್ಮ ಸೆಂಟರಿಗೆ ಬಂದ. ಡಾಕ್ಟರ ಮೇಜಿನ ಮೇಲೆ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟ. ನಾನೂ ಅಲ್ಲೇ ಇದ್ದೆ.

"ಡಾಕ್ಟ್ರ, ನೀವ ಬರ್ದದ್ದು. ಬ್ಯಾಸಗಿಯಾಗ ಮುರಿದಿಲ್ಲ. ಈಗ ಮುರಿದೈತಿ. ನಡುವ ಮನ್ಯಾಗ ಎಲ್ಲೋ ಬಿದ್ದಿರಬೇಕು ಅಂತ ನಾವು ತಿಳ್ಕೊಂಡ್ರ ತಪ್ಪಿಲ್ಲಲ್ರಿ?"

ಹೊಸ ತಾರೀಖಿನ ರಿಪೋರ್ಟ್ ಏನು ಮಾಡಿತು ಎಂದು ನನಗೆ ಅರಿವಾದದ್ದು ಆ ಗಳಿಗೆಯಲ್ಲಿ. ಅವಳಿಗೆ ಸಹಾಯವೆಂದು ಕೊಟ್ಟ ಕಾಗದವೇ ಅವಳ ಬಾಯಿ ಮುಚ್ಚಿಸಿತ್ತು. ಡಾಕ್ಟರು ಪೆನ್ನು ತಿರುಗಿಸುತ್ತ, "ಹಂಗೂ ಇರಬಹುದು, ಹೇಳಾಕ ಬರೂದಿಲ್ಲ" ಎಂದರು.

"ಅವತ್ತೂ ಮುರಿದಿತ್ತು," ಎಂದೆ ನಾನು.

ಸೂಪರ್‌ವೈಸರ್ ಚಿತ್ರವನ್ನು ಕವರಿನಿಂದ ತೆಗೆದು ನನ್ನ ಮುಂದೆ ಹಿಡಿದ. "ಮತ್ತ ಇದರಾಗ ಎಲ್ಲೈತಿ, ತೋರಸ್ರಿ ಮೇಡಮ್ಮಾರ."

"ಅದರಾಗ ಇಲ್ಲ. ನಾನು ಮುಚ್ಚಿದ್ದೆ."

ಅವನು ನಕ್ಕ. ಸಿಟ್ಟಿನ ನಗೆಯಲ್ಲ, ನಿಜವಾಗಿಯೂ ತಮಾಷೆ ಎನ್ನಿಸಿದ ನಗೆ. "ನೀವ ಮುಚ್ಚೀರಿ, ನೀವ ತೆಗೆದೀರಿ. ಚಲೋ ಆತು. ನಮಗ ಬೇಕಾದ್ದನ್ನ ನಾವು ಇಟ್ಕೊಂತೀವಿ. ಇಲ್ಲಾಂದ್ರ ಈಗ ಹೇಳಿದ್ದನ್ನ ಬರ್ದು ಕೊಡ್ರಿ, ಸೆಂಟರಿನ ಸೀಲ್ ಹೊಡ್ದು."

ನಾನು ಡಾಕ್ಟರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಬರೆಯಲಿಲ್ಲ. ಅವನು ಎರಡೂ ಕಾಗದಗಳನ್ನು ಮಡಚಿಕೊಂಡು ಹೋದ. ಹೋಗುವಾಗ ಡಾಕ್ಟರಿಗೆ, "ನಮ್ಮ ಗಣಿ ಸಾಹೇಬ್ರ ತಾಯಿದು ಮುಂದಿನ ವಾರ ಸ್ಕ್ಯಾನ್ ಐತ್ರಿ, ಜಲ್ದಿ ಮಾಡ್ಸಿಬಿಡ್ರಿ" ಎಂದು ಹೇಳಿ ಹೋದ.

ಆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬಹಳ ಮಾತಿನವರಲ್ಲ. ಬೀಡಿ ಮುಗಿಸಿ, ತಮ್ಮ ಕಚೇರಿಯ ಮಾತು ಹೇಳಿದರು. "ಮಟ್ಟ ತಪ್ಪಿ ಬರ್ದ್ರ ಅದನ್ನ ಅಳಸಂಗಿಲ್ಲ. ಒಂದು ಗೀಟು ಹೊಡ್ದು, ಪಕ್ಕದಾಗ ಸರಿದು ಬರ್ದು, ಸಹಿ ಹಾಕ್ಬೇಕು. ಹಳೇ ಅಂಕಿನೂ ಕಾಣ್ಬೇಕು. ಇಲ್ಲಾಂದ್ರ ಅದು ಪುಸ್ತಕ ಅಲ್ಲ."

ನಾಲ್ಕು ದಿನ ಬಿಟ್ಟು ನಾನು ಬರೆದೆ. ಇಂಥ ದಿನ ತೆಗೆದ ಸ್ಕ್ಯಾನಿನಲ್ಲೇ ಕಣ್ಣಿನ ತಳ ಮುರಿದಿತ್ತು, ಚಿತ್ರ ಮಾಡುವಾಗ ನಾನು ನಂಬರ್ ಇಳಿಸಿ ನುಣುಪು ಮಾಡಿದ್ದರಿಂದ ಅದು ಕಾಣಲಿಲ್ಲ ಎಂದು ಒಂದು ಪುಟ. ಉದ್ದ ಹೋಳಿನ ಪ್ರಿಂಟ್ ಲಗತ್ತಿಸಿ, ಸಿ.ಡಿ. ಇಟ್ಟು, ಸಂಡೂರಿನಲ್ಲಿದ್ದ ಗಣಿಯ ಆಫೀಸಿಗೆ ನಾನೇ ಒಯ್ದೆ. ಅಲ್ಲಿನ ಗುಮಾಸ್ತರು ಓದಿ, ಕೆಳಗಿನ ಸಹಿ ನೋಡಿದರು.

"ನೀವು ಡಾಕ್ಟರಾ?"

"ಅಲ್ರಿ, ಟೆಕ್ನಿಷಿಯನ್."

"ಹಂಗಾರ ಇದು ನಡೆಂಗಿಲ್ಲಮ್ಮ. ಡಾಕ್ಟರ ಸಹಿ ತರ್ರಿ." ಕಾಗದವನ್ನು ವಾಪಸ್ ಕೊಡದೆ ತಮ್ಮ ಟ್ರೇಯಲ್ಲಿ ಹಾಕಿಕೊಂಡರು. ಸಿ.ಡಿ.ಯನ್ನೂ. ನನ್ನ ಹತ್ತಿರ ಇನ್ನೊಂದು ಪ್ರತಿ ಇರಲಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕೆಂದು ತೋಚಿರಲಿಲ್ಲ. ಸೆಂಟರಿಗೆ ಬಂದು ಹುಡುಕಿದರೆ ಯಂತ್ರದ ಡಿಸ್ಕಿನಲ್ಲಿ ಬೇಸಿಗೆಯ ಸ್ಕ್ಯಾನುಗಳೆಲ್ಲ ಎಂದೋ ಅಳಿಸಿಹೋಗಿದ್ದವು.

ನಾನು ಹೋಗಿದ್ದು ಡಾಕ್ಟರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ, "ನೀನು ಎಕ್ಸ್‌ರೇ ರೂಮು ನೋಡ್ಕೊ. ಈ ಕಂಪ್ಯೂಟರ್ ಹೊಸಾ ಹುಡುಗಿ ಕಲೀಲಿ" ಎಂದರು. ಎಂದಿನ ದನಿಯಲ್ಲೇ, ಎಂದಿನ ಹಾಗೆ ಚಹಾ ತರಿಸಿ ಕೊಟ್ಟು. ಹೊಸ ಹುಡುಗಿಗೆ ನಂಬರ್ ಇಳಿಸುವುದನ್ನೂ ನುಣುಪು ಮಾಡುವುದನ್ನೂ ನಾನೇ ಕಲಿಸಬೇಕಾಯಿತು. ಉದ್ದ ಹೋಳು ನೋಡದೆ ಚಿತ್ರ ಮಾಡಬೇಡ ಎಂದು ಅವಳಿಗೆ ಹೇಳಿದೆ. "ಸಾರ್ ಬ್ಯಾಡ ಅಂತಾರ ಅಕ್ಕ, ಟೈಮ್ ಹಿಡಿತೈತಂತ" ಎಂದಳು.

ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಇನ್ನೂ ನಾಲ್ಕು ವರ್ಷ ಅಲ್ಲೇ ಇದ್ದೆ. ಬೇರೆ ಕಡೆ ಹೋದರೆ ಮತ್ತೆ ಅದೇ ಪ್ರಶ್ನೆ, ಯಾವ ಮಂದಿ, ಅದಕ್ಕೂ ಮೊದಲು ಯಾವ ಮಂದಿ. ಇದನ್ನು ನೆಪವೆಂದೂ ಕರೆಯಬಹುದು. ನಾನು ಹಾಗೇ ಕರೆಯುತ್ತೇನೆ.

ಮರುವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಬಂಡ್ರಿಗೆ ಹೋದೆ. ಅವಳ ಮನೆ ಕೇಳಿಕೊಂಡು ಹೋಗುವುದು ಕಷ್ಟವಾಗಲಿಲ್ಲ. "ಕಣ್ಣು ಹೋದಾಕಿ" ಎಂದರೆ ಎಲ್ಲರಿಗೂ ಗೊತ್ತಿತ್ತು. ಅವಳು ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಸೆರಗಿನ ಅಂಚನ್ನು ಹರಿದು ಮಾಡಿದ ಪಟ್ಟಿಯಿಂದ ಎಡಗಣ್ಣು ಮುಚ್ಚಿ ಕಟ್ಟಿಕೊಂಡಿದ್ದಳು. ಗಣಿಯ ಕೆಲಸ ಬಿಡಿಸಿದ್ದರು. ಗಂಡ ಮಾತ್ರ ಅದೇ ಗಣಿಗೆ ಹೋಗುತ್ತಿದ್ದ. ಹೋಗದೆ ಏನು ಮಾಡುತ್ತಾನೆ?

ನಾನು ಎಲ್ಲವನ್ನೂ ಹೇಳಿದೆ. ಮೊದಲ ದಿನವೇ ಮುರಿದಿತ್ತು, ಅದನ್ನು ಮುಚ್ಚಿದ್ದು ನಾನು, ಹೊಸ ತಾರೀಖಿನ ಸ್ಕ್ಯಾನ್ ಮಾಡಿದ್ದೂ ನಾನು, ಬಳ್ಳಾರಿಗೆ ಜೊತೆಗೆ ಬಂದಾಗ ಇದೆಲ್ಲ ಗೊತ್ತಿದ್ದೂ ಹೇಳಿರಲಿಲ್ಲ ಎಂದು. ಅವಳು ಮೊರ ಕೆಳಗಿಟ್ಟು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ.

"ಆ ಚಿತ್ರ ನೋಡಿ ನಾನೂ ನಂಬಿದ್ದೆ," ಎಂದಳು. "ಮಂದಿ ಎಲ್ಲಾ ಸರಿ ಐತಿ ಅಂತಾರ, ನನಗ ಮಾತ್ರ ಎರಡು ಕಾಣ್ತಾವ. ನನಗ ಗಾಳಿ ಸೋಕೈತಿ ಅಂತ ಅತ್ತಿ ತಾಯತ ಕಟ್ಸಿದ್ಲು. ಹುಚ್ಚು ಹಿಡಿತೈತೇನೋ ಅಂತ ಆರು ತಿಂಗ್ಳು ಅಂಜಿದ್ದೆ. ಅದೊಂದು ಯಾರಿಗೂ ಹೇಳಿರ್ಲಿಲ್ಲ."

ಬೆರಳು ಹೋದದ್ದು ಗೊತ್ತಿತ್ತು, ಕಣ್ಣು ಹೋದದ್ದು ಗೊತ್ತಿತ್ತು. ಈ ಆರು ತಿಂಗಳ ಅಂಜಿಕೆ ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಅವಳು ಮೊರವನ್ನು ನನ್ನ ಕಡೆ ತಳ್ಳಿದಳು. "ಬಂದಿ ಅಲ್ಲ, ಇದನ್ನ ಆರಿಸಿ ಕೊಡು. ಒಂದ ಕಣ್ಣಾಗ ಭಾಳ ಹೊತ್ತು ಹಿಡಿತೈತಿ." ಅದುವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು. ನಾನು ಕೂತು ಇಡೀ ಮೊರ ಆರಿಸಿದೆ. ಅವಳ ನಾದಿನಿ ಒಳಗಿನಿಂದ ಬಂದು ನೋಡಿ, ಮಾತಾಡಿಸದೆ ವಾಪಸ್ ಹೋದಳು. ಚಹಾ ಬರಲಿಲ್ಲ.

ಎದ್ದು ನಿಂತಾಗ ಅವಳು ಬಾಗಿಲವರೆಗೆ ಬಂದಳು. "ಇನ್ನೊಮ್ಮೆ ಬರಬ್ಯಾಡವ್ವಾ. ಗಣಿಯವ್ರ ಕಿವಿಗೆ ಬಿದ್ರ ನಮ್ಮ ಮನಿಯವ್ರಿಗೆ ಕೆಲಸ ಹೋಗ್ತೈತಿ."

ಆಗಲಿ ಎಂದೆ. ರಸ್ತೆಗೆ ಬಂದು ಸಂಡೂರಿನ ಬಸ್ಸಿಗೆ ಒಂದು ಗಂಟೆ ನಿಂತೆ. ಅವಳು ಹೇಳಿದಂತೆಯೇ ಮತ್ತೆ ಆ ಕಡೆ ಹೋಗಲಿಲ್ಲ. ಎರಡೆರಡು ಕಾಣ್ತಾವ ಎಂದಾಗ ಕೇಳದ ನಾನು, ಈ ಮಾತನ್ನು ಮಾತ್ರ ಪಾಲಿಸಿದೆ.